ಅವಳು ವಾಪಸು ಕೇಳಿದ ಸಹಿಗಳು

ಸಂತಾಪ ಸಭೆಯಲ್ಲಿ ಮ್ಯಾನೇಜರು ಎರಡು ನಿಮಿಷ ಮೌನ ಆಚರಿಸೋಣ ಎಂದರು. ಕ್ಯಾಂಟೀನಿನ ಬೆಂಚುಗಳನ್ನು ಗೋಡೆಗೆ ಸರಿಸಿ ನಮ್ಮನ್ನು ಸಾಲಾಗಿ ನಿಲ್ಲಿಸಿದ್ದರು. ಮೇಜಿನ ಮೇಲೆ ಅವಳ ಗುರುತಿನ ಚೀಟಿಯ ಫೋಟೋ. ಹೆಬ್ಬೆರಳಿನಷ್ಟಿದ್ದ ಚಿತ್ರವನ್ನು ತಟ್ಟೆಯಗಲ ಮಾಡಿಸಿದ್ದರಿಂದ ಕಣ್ಣು ಮೂಗು ಎಲ್ಲ ಕಲಸಿಹೋಗಿ, ಅದು ಯಾರ ಮುಖ ಬೇಕಾದರೂ ಆಗಬಹುದಿತ್ತು.

“ಅವರು ನಿಶ್ಶಬ್ದವನ್ನು ಪ್ರೀತಿಸಿದವರು,” ಎಂದು ಮ್ಯಾನೇಜರು ಕಾಗದ ನೋಡಿಕೊಂಡು ಓದಿದರು. “ನಿಶ್ಶಬ್ದವೇ ಅವರ ಉಸಿರಾಗಿತ್ತು.”

ನಾನು ಒಂದು ನಿಮಿಷ ತಡೆದುಕೊಂಡೆ. ಆಮೇಲೆ ಸಾಲು ಬಿಟ್ಟು ಹೊರಗೆ ನಡೆದೆ. ಚಪ್ಪಲಿ ಸದ್ದು ಮಾಡಿತು. ಮಾಡಲಿ ಎಂದೇ ನಡೆದೆ. ಉಳಿದ ಆ ಒಂದು ನಿಮಿಷದಲ್ಲಿ ನಾನು ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಶ್ಶಬ್ದವನ್ನು ಪ್ರೀತಿಸಿದವಳಂತೆ! ಇವರಲ್ಲಿ ಒಬ್ಬರಾದರೂ ಅವಳ ಮನೆ ಮೆಟ್ಟಿಲು ಹತ್ತಿದ್ದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಕೆಳಗೆ ಗಂಡನ ತಗಡಿನ ಅಂಗಡಿ. ಗುದ್ದಿಸಿಕೊಂಡು ಬಂದ ಗಾಡಿಗಳ ಬಾಗಿಲು, ಬಾನೆಟ್ಟುಗಳನ್ನು ಅವನು ಬೆಳಗಿನಿಂದ ಸಂಜೆಯವರೆಗೆ ಬಡಿದು ನೆಟ್ಟಗೆ ಮಾಡುತ್ತಾನೆ. ಮೇಲೆ ಎರಡು ಕೋಣೆ. ಅಲ್ಲಿ ಕಿವಿ ಮಂದವಾದ ಅತ್ತೆ. ನಡುವೆ ಇವಳು.

“ಅತ್ತೇ, ಮಾತ್ರೆ ನುಂಗಿದ್ರಾ?”

“ಯಾಕೆ ಕಿರುಚ್ತೀಯೇ? ನಾನೇನು ಕಿವುಡೀನಾ?”

“ನಿಮ್ಮ ಮಗ ಬಡಿಯೋದು ನಿಲ್ಸಿದ್ರೆ ಪಿಸುಮಾತಲ್ಲೇ ಕೇಳ್ತೀನಿ ಅತ್ತೆ!”

ಕೆಳಗಿನಿಂದ ಗಂಡ: “ಈ ತಗಡು ಬಡಿದೇ ಕಣೇ ನೀನು ಮೂರು ಹೊತ್ತು ತಿಂತಿರೋದು!”

“ಹೌದಪ್ಪಾ ಹೌದು, ನನ್ನ ಸಂಬಳ ಬೀದಿನಾಯಿ ತಿನ್ಕೊಂಡು ಹೋಗ್ತಿದೆ!”

ಇದು ಜಗಳವಲ್ಲ. ಆ ಮನೆಯಲ್ಲಿ ಪ್ರೀತಿಗೂ ಅಷ್ಟೇ ಗಂಟಲು ಬೇಕಾಗಿತ್ತು. ನಾನೂ ಅವಳೂ ತರಬೇತಿ ಶಾಲೆಯಲ್ಲಿ ಒಂದೇ ಬೆಂಚಿನವರು, ಕಾರ್ಖಾನೆಗೆ ಸೇರಿದ್ದೂ ಒಂದೇ ವಾರ. ಮೂವತ್ತೊಂದು ವರ್ಷದಲ್ಲಿ ಅವಳು ಊಟದ ಹೊತ್ತಿನಲ್ಲಿ ಸುಮ್ಮನಿದ್ದದ್ದು, ನನಗೆ ನೆನಪಿರುವಂತೆ, ಹಲ್ಲು ಕೀಳಿಸಿಕೊಂಡಿದ್ದ ದಿನ ಮಾತ್ರ.

ಆದರೆ ಕಾರ್ಖಾನೆಯಲ್ಲಿ ಅವಳ ಹೆಸರು ಉಶ್ ಅಕ್ಕ. ಅದಕ್ಕೆ ಕಾರಣ ಹೇಳಬೇಕಾದರೆ ಅವಳ ಕೆಲಸ ಹೇಳಬೇಕು.

ನಮ್ಮಲ್ಲಿ ಆಸಿಲೇಟರ್ ಮಾಡುತ್ತಾರೆ. ನೋಡಲು ಬೆಂಕಿಪೊಟ್ಟಣದಷ್ಟು ದೊಡ್ಡ ಲೋಹದ ಡಬ್ಬಿ. ಒಳಗೆ ಅಂಗಿಯ ಗುಂಡಿಯಷ್ಟಗಲದ ಸ್ಫಟಿಕದ ಬಿಲ್ಲೆ. ಕರೆಂಟು ಕೊಟ್ಟರೆ ಆ ಬಿಲ್ಲೆ ಸೆಕೆಂಡಿಗೆ ಒಂದು ಕೋಟಿ ಸಲ ಮಿಡಿಯುತ್ತದೆ. ಹೊತ್ತು ತಪ್ಪಬಾರದ ಯಂತ್ರಗಳೆಲ್ಲ ಇಂಥದೊಂದು ಮಿಡಿತವನ್ನು ಹಿಡಿದುಕೊಂಡೇ ನಡೆಯುತ್ತವೆ. ಕೋಟಿಗೆ ಕೋಟಿಯೂ ಸರಿಯಾದ ಹೊತ್ತಿಗೆ ಬರಬೇಕು. ಬರುವುದಿಲ್ಲ. ಒಂದು ಕೂದಲೆಳೆಯಷ್ಟು ಮುಂಚೆ ಬರುತ್ತದೆ, ಇನ್ನೊಂದು ಕೂದಲೆಳೆಯಷ್ಟು ತಡ. ಒಟ್ಟು ಎಣಿಕೆ ಸರಿಯಿದ್ದರೂ ನಡಿಗೆಯಲ್ಲಿ ಒಂದು ನಡುಕ ಇರುತ್ತದೆ. ಪುಸ್ತಕದಲ್ಲಿ ಅದನ್ನು ಫೇಸ್ ನಾಯ್ಸ್ ಎನ್ನುತ್ತಾರೆ. ಅವಳು ನಡುಕ ಎಂದೇ ಹೇಳುತ್ತಿದ್ದಳು. ಅದನ್ನು ಅಳೆಯುವುದೇ ಅವಳ ಕೆಲಸ.

ಅಳತೆಯ ಪರದೆಯ ಮೇಲೆ ಒಳ್ಳೆಯ ಆಸಿಲೇಟರ್ ಕಡಿದಾದ ಒಂದು ಗುಡ್ಡದಂತೆ ಕಾಣುತ್ತದೆ. ನಡುಕ ಹೆಚ್ಚಿದಷ್ಟೂ ಗುಡ್ಡದ ಬುಡ ಎರಡೂ ಕಡೆಗೆ ಹರಡಿಕೊಳ್ಳುತ್ತದೆ.

“ನೆತ್ತಿ ಯಾರು ಬೇಕಾದ್ರೂ ನೋಡ್ತಾರೆ ಕಣೇ, ನೀನು ಬುಡ ನೋಡು,” ಎಂದು ನನಗೆ ತೋರಿಸಿದ್ದಳು. “ಬುಡ ಹರಡ್ಕೊಂಡ್ರೆ ಪಕ್ಕದಲ್ಲಿರೋ ಗುಡಿಸಲು ಮಣ್ಣಲ್ಲಿ ಮುಚ್ಚಿಹೋಗತ್ತೆ. ಗುಡಿಸಲಲ್ಲಿ ಜನ ಇರ್ತಾರೆ.”

ಬುಡದ ಅಂಚನ್ನು ಅಳೆಯುವುದು ತೀರ ಸೂಕ್ಷ್ಮದ ಕೆಲಸ. ಹೊರಗಿನ ಅಲುಗಾಟ ಸೇರಿದರೆ ಅಳತೆ ಕೆಡುತ್ತದೆ. ಹಾಗಾಗಿ ಅವಳು ವರ್ಷಗಟ್ಟಲೆ ಹೋರಾಡಿ ತನ್ನ ಪರೀಕ್ಷಾ ಕೋಣೆಯನ್ನು ನಿಶ್ಶಬ್ದ ಮಾಡಿಸಿದ್ದಳು. ಮೇಜಿನ ಕಾಲುಗಳಿಗೆ ರಬ್ಬರು, ಮೇಜಿನ ಮೇಲೆ ಮರಳಿನ ತಟ್ಟೆ, ಮರಳಿನ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ಡಬ್ಬಿ. ಬಾಗಿಲ ಮೇಲಿನ ಕೆಂಪು ದೀಪ ಹತ್ತಿದರೆ ಕೋಣೆಯ ಎಸಿ ನಿಲ್ಲಬೇಕು, ಹಿಂದಿನ ಶೆಡ್ಡಿನ ಕಂಪ್ರೆಸರು ನಿಲ್ಲಬೇಕು, ಓಣಿಯಲ್ಲಿ ನಡೆಯುವವರು ನಿಂತಲ್ಲೇ ನಿಲ್ಲಬೇಕು. ಒಂದು ಸಲ ಕಂಪನಿಯ ಯಜಮಾನರೇ ಅತಿಥಿಗಳನ್ನು ಕರೆದುಕೊಂಡು ಬಂದರು. ಇವಳು ತಲೆ ಹೊರಗೆ ಹಾಕಿ, “ಉಶ್! ಆ ಕಾಲು ಎತ್ತಿದ್ದೀರಲ್ಲ ಸಾರ್, ಹಾಗೇ ಇರ್ಲಿ, ನಾಲ್ಕೇ ನಿಮಿಷ,” ಎಂದಳು. ಯಜಮಾನರು ಗೋಡೆ ಹಿಡಿದುಕೊಂಡು ಕೊಕ್ಕರೆಯಂತೆ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಳತೆ ಸರಿಯಿದ್ದರೆ ಅವಳು ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಿದ್ದಳು. ಚುಟುಕು ಸಹಿಯಲ್ಲ, ಪೂರ್ತಿ ಹೆಸರು, ಅಕ್ಷರ ಅಕ್ಷರ ಬಿಡಿಸಿ. ನಾನಿರುವುದು ದಾಖಲೆ ವಿಭಾಗದಲ್ಲಿ. ಅವಳ ಸಹಿಯ ಪಕ್ಕ ಕಾರ್ಖಾನೆಯ ಮುದ್ರೆ ಒತ್ತುವುದು ನಾನು. ಅದಕ್ಕೇ ನನ್ನನ್ನು ಮುದ್ರಮ್ಮ ಎಂದು ಕರೆಯುತ್ತಿದ್ದಳು.

“ಸಣ್ಣದಾಗಿ ಗೀಚಿದ್ರೆ ನಿನ್ನ ಗಂಟೇನು ಹೋಗತ್ತೆ? ದಿನಕ್ಕೆ ಐವತ್ತು ಹಾಕ್ಬೇಕು,” ಎಂದು ನಾನೊಮ್ಮೆ ಅಂದಿದ್ದೆ.

“ತಗೊಂಡವರಿಗೆ ಡಬ್ಬಿ ಒಳಗೆ ಏನಿದೆ ಅಂತ ಕಾಣತ್ತಾ ಮುದ್ರಮ್ಮಾ? ಬಿಚ್ಚೋ ಹಾಗೂ ಇಲ್ಲ. ಅವರಿಗೆ ಕಾಣೋದು ನನ್ನ ಹೆಸರೊಂದೇ. ಅದಾದ್ರೂ ನೆಟ್ಟಗೆ ಕಾಣ್ಲಿ.”

ಎರಡು ವರ್ಷದ ಹಿಂದೆ ನದಿಯ ಗೋಪುರಗಳ ಆರ್ಡರು ಬಂತು. ಆ ನದಿಯಲ್ಲಿ ಜನ ದೋಣಿಯಲ್ಲಿ ದಾಟುವ ಹದಿನೇಳು ಕಡೆಗಳಿವೆ. ದೊಡ್ಡ ಸರಕು ಹಡಗುಗಳೂ ಅದೇ ನೀರಿನಲ್ಲಿ ಓಡಾಡುತ್ತವೆ. ಮಂಜು ಬಿದ್ದರೆ ಹಡಗಿನವರಿಗೆ ದೋಣಿ ಕಾಣುವುದಿಲ್ಲ. ಹಾಗಾಗಿ ಪ್ರತಿ ಕಡೆಯಲ್ಲೂ ಎರಡು ದಡಕ್ಕೆ ಎರಡು ಗೋಪುರ ಕಟ್ಟಿ, ಒಂದರಿಂದ ರೇಡಿಯೋ ಅಲೆ ಕಳಿಸಿ ಇನ್ನೊಂದರಲ್ಲಿ ಹಿಡಿದು, ಮಂಜಿನಲ್ಲಿ ಏನು ಅಲುಗುತ್ತಿದೆ ಎಂದು ನೋಡಿ ಹಡಗಿಗೆ ತಿಳಿಸುವ ಯಂತ್ರ ಹಾಕಿದರು. ಒಂದೊಂದು ಗೋಪುರಕ್ಕೂ ನಮ್ಮ ಒಂದೊಂದು ಆಸಿಲೇಟರ್. ಬಿಡಿ ನಾಲ್ಕು ಸೇರಿ ಮೂವತ್ತೆಂಟು. ಮೂವತ್ತೆಂಟನ್ನೂ ಅವಳೇ ಅಳೆದು ಸಹಿ ಹಾಕಿದಳು.

ಅಲ್ಲಿನ ಲೆಕ್ಕ ಸರಳ. ಕದಲದ ಕಲ್ಲಿನ ದಡದಿಂದ ಬಹಳ ದೊಡ್ಡ ಅಲೆ ವಾಪಸು ಬರುತ್ತದೆ. ನಿಧಾನವಾಗಿ ಹುಟ್ಟು ಹಾಕಿಕೊಂಡು ಹೋಗುವ ಮರದ ದೋಣಿಯಿಂದ ಬರುವುದು ಅದರ ಪಕ್ಕದಲ್ಲೇ, ವೇಗ ಕಡಿಮೆಯಾದ್ದರಿಂದ ಕೂದಲಷ್ಟೇ ಸರಿದು, ಅತಿ ಸಣ್ಣದಾಗಿ. ದಡವೇ ಗುಡ್ಡ, ದೋಣಿಯೇ ಗುಡಿಸಲು. ಅಷ್ಟೇ ಅಲ್ಲ, ಯಂತ್ರದೊಳಗೆ ನಮ್ಮ ಒಂದು ಕೋಟಿಯ ಮಿಡಿತವನ್ನು ಒಂಬೈನೂರು ಪಟ್ಟು ಏರಿಸುತ್ತಾರೆ. ಮಿಡಿತದ ಜೊತೆಗೆ ನಡುಕವೂ ಒಂಬೈನೂರು ಪಟ್ಟು ಏರುತ್ತದೆ.

ಗೋಪುರಗಳ ರಿಪೇರಿ ನೋಡಿಕೊಳ್ಳುವವನು ಸೈಕಲ್ ತುಳಿದು ತುಳಿದು ಒಣಗಿದಂತಿರುವ ಒಬ್ಬ ಮನುಷ್ಯ. ಮೊದಲ ಮಂಜಿನ ಕಾಲದಲ್ಲೇ ಅವನು ನಾಲ್ಕು ಡಬ್ಬಿ ಹಿಡಿದುಕೊಂಡು ಬಂದ. ವೇಗವಾಗಿ ಹೋಗುವ ಮೋಟಾರು ದೋಣಿ ಕಾಣುತ್ತದೆ, ಹುಟ್ಟು ಹಾಕುವ ದೋಣಿ ಕಾಣುವುದಿಲ್ಲ ಎಂದ. ಅವಳು ಕೆಂಪು ದೀಪ ಹಾಕಿ, ಎಲ್ಲರನ್ನೂ ನಿಲ್ಲಿಸಿ, ಅಳೆದಳು. ಗುಡ್ಡ ಸೂಜಿಯಂತಿತ್ತು. ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದಳು. ನಾನು ಮುದ್ರೆ ಒತ್ತಿದೆ. ಎರಡನೆಯ ಸಲ ಬಂದ. ದೋಷ ಕಂಡುಬಂದಿಲ್ಲ. ಮೂರನೆಯ ಸಲ ಬಂದಾಗ ಅವಳು ರೇಗಿದಳು.

“ತಮ್ಮಾ, ನಿಮ್ಮ ಕೇಬಲ್ ನೋಡ್ಕೊಳ್ಳಿ ಮೊದ್ಲು. ನನ್ನ ಕೋಣೇಲಿ ನಡುಕ ಬಚ್ಚಿಟ್ಕೊಳ್ಳಕ್ಕೆ ಜಾಗ ಇಲ್ಲ.”

ಅವನು ಎದುರಾಡದೆ ಹೋದ. ಎಂಟು ದಿನಕ್ಕೆ, ಮಂಜಿನ ಒಂದು ಬೆಳಿಗ್ಗೆ, ಆರನೆಯ ಕಡೆಯಲ್ಲಿ ಸರಕು ಹಡಗೊಂದು ದೋಣಿಗೆ ತಗುಲಿತು. ದೋಣಿಯಲ್ಲಿದ್ದ ಐವರನ್ನೂ ನೀರಿನಿಂದ ಜೀವಂತ ಎಳೆದುಹಾಕಿದರು. ಅಂಬಿಗನ ಬಲಗೈ ಹಡಗಿಗೂ ದೋಣಿಗೂ ನಡುವೆ ಸಿಕ್ಕಿ ಮೊಣಕೈವರೆಗೆ ಹೋಯಿತು.

ಆ ಮಂಜಿನ ಕಾಲ ಮುಗಿದು, ಮುಂದಿನದಕ್ಕೆ ಎರಡು ತಿಂಗಳಿರುವಾಗ ಅವನು ನಾಲ್ಕನೆಯ ಸಲ ಬಂದ. ಬರಿ ಡಬ್ಬಿಯಲ್ಲ, ಗೋಪುರದ ತುದಿಯಿಂದ ಇಡೀ ಯಂತ್ರದ ಪೆಟ್ಟಿಗೆಯನ್ನೇ ಇಳಿಸಿ, ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ.

“ಅಕ್ಕ, ನೀವು ಸುಳ್ಳು ಹೇಳ್ತೀರಿ ಅಂತ ನಾನು ಹೇಳ್ತಿಲ್ಲ,” ಎಂದ. “ನಿಮ್ಮ ಮರಳಿನ ಮೇಲೆ ಅದು ಚೆನ್ನಾಗೇ ಇರತ್ತೆ. ನಮ್ಮ ಪೆಟ್ಟಿಗೇಲಿ ಇಟ್ಟು ಒಂದ್ಸಲ ಅಳೀರಿ. ಅಷ್ಟೇ.”

ಅವಳು ಪೆಟ್ಟಿಗೆಯ ಮುಚ್ಚಳ ತೆಗೆದಳು. ಆಸಿಲೇಟರ್ ಕೂರಿಸಿದ ತಗಡಿಗೇ, ಒಂದು ಗೇಣು ದೂರದಲ್ಲಿ, ಪೆಟ್ಟಿಗೆ ತಂಪಾಗಿಡುವ ಫ್ಯಾನು ಬಿಗಿದಿತ್ತು. ನಾನು ಆಗ ಕಾಗದ ಕೊಡಲು ಅಲ್ಲಿಗೆ ಹೋಗಿದ್ದೆ. ಅವಳು ತಂತಿ ಜೋಡಿಸಿ ಫ್ಯಾನ್ ಹಾಕಿದಳು. ಪರದೆಯ ಮೇಲೆ ಗುಡ್ಡದ ಬುಡ ಉಬ್ಬಿ ಮೇಲೆದ್ದಿತು. ಅದರೊಳಗಿಂದ ಎರಡೂ ಪಕ್ಕಕ್ಕೆ ಸಾಲು ಕಂಬಗಳು ಎದ್ದವು. ಫ್ಯಾನ್ ನಿಲ್ಲಿಸಿದಳು, ಸೂಜಿ. ಹಾಕಿದಳು, ಗುಡ್ಡ. ಹೀಗೆ ಏಳೆಂಟು ಸಲ. ಕೊನೆಗೆ ಕುರ್ಚಿಗೆ ಒರಗಿ ಕೂತಳು. ಅವಳಿಗೆ ಕೋಪ ಬಂದರೆ ಕಿವಿ ಕೆಂಪಾಗುತ್ತಿತ್ತು. ಆವತ್ತು ಮುಖವೆಲ್ಲ ಬಿಳಿಚಿಕೊಂಡಿತ್ತು.

“ಮಲಗಿರೋ ಮಗೂನ ನೋಡ್ಬಿಟ್ಟು, ಇದು ಅಳೋದೇ ಇಲ್ಲ ಅಂತ ಬರ್ದು ಕೊಟ್ಟಿದ್ದೀನಲ್ಲೇ,” ಎಂದಳು ನನಗೆ. ಆಮೇಲೆ ಅವನ ಕಡೆ ತಿರುಗಿ, “ಆ ಅಂಬಿಗನಿಗೆ ಮನೇಲಿ ಯಾರ್ಯಾರಿದ್ದಾರೆ ತಮ್ಮಾ?”

ಸ್ಫಟಿಕವನ್ನು ಅಲುಗಿಸಿದರೆ ಅದರ ಮಿಡಿತ ಕದಡುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದುದರಿಂದಲೇ ಅಷ್ಟು ಮರಳು, ಅಷ್ಟು ಸ್ಪಂಜು, ಅಷ್ಟು ಉಶ್. ಅಲುಗಾಟವನ್ನು ಅಳತೆಯ ವೈರಿ ಎಂದು ಹೊರಗಟ್ಟುತ್ತ ಹೋಗಿ, ಡಬ್ಬಿ ಬದುಕಬೇಕಾದ್ದು ಆ ವೈರಿಯ ಜೊತೆಯಲ್ಲೇ ಎಂಬುದನ್ನು ಮರೆತಿದ್ದಳು. ಇಂಥ ತಪ್ಪನ್ನು ಸೋಮಾರಿಗಳು ಮಾಡಲಾರರು. ತಮ್ಮ ಕೆಲಸದಲ್ಲಿ ಜೀವ ಇಟ್ಟವರೇ ಮಾಡಬೇಕು.

ಮ್ಯಾನೇಜರಿಗೆ ಹೇಳಿದಳು. ಒಂದು ಪೆಟ್ಟಿಗೆಯ ಕೆಟ್ಟ ಫ್ಯಾನ್ ನೋಡಿ ತೀರ್ಮಾನ ಮಾಡಲಾಗದು ಎಂದರು ಅವರು. ಸರಿಯಾಗಿ ಅಲುಗಿಸಿ ಅಳೆಯುವ ಯಂತ್ರ ಕೊಡಿ ಎಂದಳು. ಅಂಥದು ನಮ್ಮಲ್ಲಿಲ್ಲ ಎಂದರು. ಆ ಭಾನುವಾರ ನಾನು ಅವಳ ಮನೆಗೆ ಹೋದಾಗ ಗಂಡ ಹೆಂಡತಿ ಇಬ್ಬರೂ ಅಂಗಡಿಯ ನೆಲದಲ್ಲಿ ಒಂದು ಕಬ್ಬಿಣದ ಹಲಗೆಯ ಸುತ್ತ ಕೂತಿದ್ದರು. ನಾಲ್ಕು ಸ್ಪ್ರಿಂಗಿನ ಮೇಲೆ ಹಲಗೆ, ಹಲಗೆಯಡಿಗೆ ಒಂದು ಮೋಟಾರು, ಮೋಟಾರಿನ ತುದಿಗೆ ಒಂದೇ ಪಕ್ಕಕ್ಕೆ ಬೆಸೆದ ಸೀಸದ ತುಂಡು.

“ಮೂವತ್ತು ವರ್ಷ ಸದ್ದು ಮಾಡ್ಬೇಡ ಅಂತ ನನ್ನ ತಲೆ ತಿಂದ್ಲು. ಈಗ ಅಲ್ಲಾಡೋದು ಮಾಡ್ಕೊಡು ಅಂತ ಬಂದಿದ್ದಾಳೆ ನೋಡಮ್ಮ,” ಎಂದ ಗಂಡ.

“ಬಾಯಿ ಆಮೇಲೆ ಆಡ್ಸು, ಬೋಲ್ಟ್ ಬಿಗಿ.”

“ಬೋಲ್ಟ್ ಬಿಗ್ದಿದೆ. ನಿನ್ನ ಕಂಪ್ನಿಯವರ ತಲೇಲಿರೋದು ಸಡಿಲ ಆಗಿರೋದು.”

ಆ ಹಲಗೆಯನ್ನು ಅವಳು ಪರೀಕ್ಷಾ ಕೋಣೆಗೆ ಒಯ್ದಳು. ಪೆಟ್ಟಿಗೆಯ ಫ್ಯಾನಿನಷ್ಟೇ ಅಲುಗಾಟ ಹೊಂದಿಸಿ, ನದಿಯಿಂದ ವಾಪಸು ಬಂದಿದ್ದ ನಾಲ್ಕು ಡಬ್ಬಿಗಳನ್ನೂ, ಕಪಾಟಿನಲ್ಲಿದ್ದ ಹಳೆಯ ನಾಲ್ಕನ್ನೂ ಅಳೆದಳು. ಹಳೆಯವು ಅಲುಗಾಟವನ್ನು ತಡೆದುಕೊಂಡವು. ನದಿಯವು ಮೂವತ್ತು ಡೆಸಿಬೆಲ್ ಕೆಟ್ಟಿದ್ದವು. ಅಂದರೆ ಸಾವಿರ ಪಟ್ಟು. ಎರಡು ಬಗೆಯಲ್ಲೂ ಒಂದೊಂದನ್ನು ಕೊಯ್ದು ನೋಡಿದಳು. ಹಳೆಯದರಲ್ಲಿ ಬಿಲ್ಲೆಯನ್ನು ನಾಲ್ಕು ಕಾಲು ಹಿಡಿದಿದ್ದವು. ಹೊಸದರಲ್ಲಿ ಎರಡು.

ಕಾಲು ಕಡಿಮೆ ಮಾಡಿದ ಕಾಗದ ನನ್ನ ವಿಭಾಗದಲ್ಲೇ ಇತ್ತು. ಮೂರು ವರ್ಷದ ಹಿಂದೆ ಮ್ಯಾನೇಜರ ಒಪ್ಪಿಗೆಯೊಡನೆ ಬಂದದ್ದು. ಪ್ರತಿ ಯಾರಿಗೆ ಹೋಗಬೇಕು ಎಂಬ ಪಟ್ಟಿಯಲ್ಲಿ ಪರೀಕ್ಷಾ ಕೋಣೆಯ ಹೆಸರಿರಲಿಲ್ಲ. ಯಾಕಿಲ್ಲ ಎಂದು ನಾನು ಕೇಳಿರಲಿಲ್ಲ. ಕೆಳಗೆ ನನ್ನ ಮುದ್ರೆ ದುಂಡಗೆ ಬಿದ್ದಿತ್ತು. ಅದನ್ನು ಅವಳ ಮುಂದಿಟ್ಟಾಗ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಓದಿ ಮಡಿಸಿ ನನ್ನ ಕೈಗೆ ಕೊಟ್ಟು, “ನಾವಿಬ್ಬರೂ ಒಳ್ಳೆ ಜೋಡಿ ಕಣೇ,” ಎಂದಳು, ಅಷ್ಟೇ.

ಮ್ಯಾನೇಜರ ಕೋಣೆಯಲ್ಲಿ ಆ ದಿನ ನಡೆದದ್ದು ಓಣಿಗೆಲ್ಲ ಕೇಳಿಸಿತು.

“ಒಪ್ಪಂದದಲ್ಲಿ ಏನಿದೆ? ‘ಸ್ಥಿರ ಸ್ಥಿತಿಯಲ್ಲಿ ಅಳತೆ’. ನಾವು ಅದನ್ನ ಕೊಟ್ಟಿದ್ದೀವಿ. ಅವರ ಫ್ಯಾನಿಗೆ ನಾವು ಜವಾಬ್ದಾರರಾ?”

“ಗೋಪುರದ ತುದೀಲಿ, ಗಾಳೀಲಿ, ಫ್ಯಾನ್ ಪಕ್ಕದಲ್ಲಿ ಯಾವುದು ಸಾರ್ ಸ್ಥಿರ? ಕಾಲು ಕಿತ್ತಿದ್ದು ನನಗೆ ಯಾಕೆ ಹೇಳ್ಲಿಲ್ಲ?”

“ನಿಮ್ಮ ಪರೀಕ್ಷೇಲಿ ಪಾಸಾಯ್ತಲ್ಲ. ಮತ್ತೆ ಹೇಳೋದೇನು?”

“ನನ್ನ ಪರೀಕ್ಷೆ ಕುರುಡು ಅಂತ ನಿಮಗೆ ನನಗಿಂತ ಮೊದಲೇ ಗೊತ್ತಿತ್ತು ಅಂದ ಹಾಗಾಯ್ತು!” ಇಷ್ಟು ಹೊತ್ತಿಗೆ ಅವಳ ದನಿ ತಗಡಿನ ಅಂಗಡಿಯ ಮಟ್ಟಕ್ಕೆ ಏರಿತ್ತು. “ನನ್ನ ಮೂವತ್ತೆಂಟು ಸಹಿ ವಾಪಸ್ ಕೊಡಿ.”

“ಸಹಿ ವಾಪಸ್ ತಗೊಳ್ಳೋ ಪದ್ಧತಿ ಎಲ್ಲಾದ್ರೂ ಇದ್ಯಾ?”

ಇದೆ. ನಮ್ಮ ನಿಯಮದ ಪುಸ್ತಕದಲ್ಲೇ ಇದೆ, ಯಾರೂ ಬಳಸಿರಲಿಲ್ಲ ಅಷ್ಟೇ. ಸಹಿ ಹಾಕಿದವರು ಕಾರಣ ಬರೆದು ಕೇಳಿದರೆ, ದಾಖಲೆ ವಿಭಾಗ ಆ ಕಾಗದಕ್ಕೆ ಮುದ್ರೆ ಒತ್ತಿ ಕೊಂಡವರಿಗೆ ಕಳಿಸಬೇಕು, ಪ್ರಮಾಣಪತ್ರಗಳನ್ನು ತರಿಸಿ ರದ್ದು ಮಾಡಬೇಕು. ಅವಳಿಗೆ ಅದನ್ನು ತೋರಿಸಿಕೊಟ್ಟವಳು ನಾನೇ. ಮರುದಿನವೇ ಅವಳು ಎರಡು ಪುಟದ ಕಾಗದ ಬರೆದು, ಹದಿನಾರು ಅಳತೆಯ ಹಾಳೆ ಜೋಡಿಸಿ, ನನ್ನ ಮೇಜಿನ ಮೇಲಿಟ್ಟಳು.

ಇನ್ನು ಮುಂದಿನದು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ. ಮ್ಯಾನೇಜರು ನನ್ನನ್ನು ಕರೆದು, “ಎರಡು ವಾರ ತಡೀರಿ, ಮಂಜು ಶುರುವಾಗೋಕೆ ಇನ್ನೂ ತಿಂಗಳಿದೆ, ಏನಾದ್ರೂ ದಾರಿ ಮಾಡೋಣ,” ಎಂದರು. ನಾನು ಕಾಗದವನ್ನು ಡ್ರಾಯರಿನಲ್ಲಿಟ್ಟೆ. ಅವರು ಬೆದರಿಕೆ ಹಾಕಲಿಲ್ಲ, ಆಸೆ ತೋರಿಸಲಿಲ್ಲ. ತಡೀರಿ ಎಂದರು, ತಡೆದೆ. ಅದೇ ವಾರ ಅವಳನ್ನು ಪರೀಕ್ಷಾ ಕೋಣೆಯಿಂದ ಪ್ಯಾಕಿಂಗಿಗೆ ಹಾಕಿದರು. ರಕ್ತದೊತ್ತಡ ಇರುವವರಿಗೆ ಹಗುರ ಕೆಲಸ ಎಂದು ಆದೇಶದಲ್ಲಿ ಬರೆದಿತ್ತು. ಅವಳು ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತ, ಬಂದು ಹೋಗುವವರನ್ನೆಲ್ಲ ನಗಿಸುತ್ತಿದ್ದಳು. “ಬನ್ನಿ, ಇಲ್ಲಿ ಕಾಲು ಎರಡೂ ಊರಬಹುದು,” ಎನ್ನುತ್ತಿದ್ದಳಂತೆ.

ಹತ್ತನೆಯ ದಿನ ಸಂಜೆ ಗೇಟಿನ ಹತ್ತಿರ ನನ್ನನ್ನು ಹಿಡಿದಳು.

“ಮುದ್ರೆ ಒತ್ತಿದ್ಯಾ?”

“ಸೋಮವಾರ ಒತ್ತುತೀನಿ ಕಣೇ.”

“ಹೋದ ಸೋಮವಾರಾನೂ ಇದನ್ನೇ ಹೇಳ್ದೆ.”

“ನಿನಗೆ ಆತುರ. ಮ್ಯಾನೇಜರು ಏನೋ ದಾರಿ ಮಾಡ್ತಾರಂತೆ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಬಾಗ್ಲು ಹಾಕ್ಕೊಂಡು, ಎಲ್ಲ ಸರಿಯಾಗಿದೆ ಅಂತ ನಾನು ಕೂತಿದ್ದೆ, ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿದೆ. ಅಷ್ಟೇ ವ್ಯತ್ಯಾಸ.”

ಹಾಗೆಂದು ಬಸ್ಸಿನ ಕಡೆ ನಡೆದಳು. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು. ಮಾರನೆಯ ದಿನ ಮಧ್ಯಾಹ್ನ ಪ್ಯಾಕಿಂಗ್ ಕೋಣೆಯಲ್ಲಿ ಟೇಪು ಕೈಯಲ್ಲಿರುವಾಗಲೇ ಕುಸಿದಳು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ಆಸ್ಪತ್ರೆಯಲ್ಲಿ. ಎರಡು ದಿನ ಇದ್ದಳು, ಕಣ್ಣು ತೆರೆಯಲಿಲ್ಲ. ಕಂಪನಿ ಕೊಂದಿತು ಎಂದು ನಾನು ಹೇಳಲಾರೆ. ಅವಳಿಗೆ ಹತ್ತು ವರ್ಷದಿಂದ ರಕ್ತದೊತ್ತಡ. ಅತ್ತೆಯ ಮಾತ್ರೆ ನೆನಪಿಟ್ಟು ತನ್ನದನ್ನು ಮರೆಯುವವಳು. ಆದರೆ ಅವಳ ಕೊನೆಯ ಹನ್ನೊಂದು ದಿನಗಳನ್ನು ಅವಳಿಂದ ಕಿತ್ತುಕೊಂಡವರು ಯಾರು ಯಾರು ಎಂದು ನನಗೆ ಗೊತ್ತು. ಅದರಲ್ಲಿ ಒಬ್ಬರು ಕಾಗದ ನೋಡಿಕೊಂಡು ಸಂತಾಪ ಓದಿದರು. ಇನ್ನೊಬ್ಬಳು ಇದನ್ನು ಬರೆಯುತ್ತಿದ್ದಾಳೆ.

ಸಭೆಯಿಂದ ಹೊರಬಂದವಳು ನೇರ ನನ್ನ ಮೇಜಿಗೆ ಹೋದೆ. ಡ್ರಾಯರ್ ತೆಗೆದು ಅವಳ ಕಾಗದಕ್ಕೆ ಮುದ್ರೆ ಒತ್ತಿದೆ. ಎರಡು ಕಾಲಿನ ಕಾಗದದ ಪ್ರತಿ ತೆಗೆದು ಅದಕ್ಕೆ ಜೋಡಿಸಿದೆ. ರಿಪೇರಿಯವನಿಗೆ ಫೋನ್ ಮಾಡಿ, ಮೂವತ್ತೆಂಟು ಪ್ರಮಾಣಪತ್ರವನ್ನೂ ತೆಗೆದುಕೊಂಡು ಈಗಲೇ ಬಾ ಎಂದೆ. ಅವನು ಬರುವಷ್ಟರಲ್ಲಿ ಮ್ಯಾನೇಜರು ಬಂದರು.

“ಏನಮ್ಮಾ ಇದು? ತೀರಿಹೋದವರ ಕಾಗದ ಚಲಾವಣೆ ಆಗಲ್ಲ.”

“ಬರ್ದಾಗ ಬದುಕಿದ್ಲು ಸಾರ್. ಕಾಗದ ಸತ್ತಿದ್ದು ನನ್ನ ಡ್ರಾಯರಲ್ಲಿ.”

“ನೀವು ಭಾವುಕರಾಗಿದ್ದೀರಿ. ಮನೆಗೆ ಹೋಗಿ, ನಾಳೆ ಮಾತಾಡೋಣ.”

“ತೀರಿಹೋದವರ ಕಾಗದ ನಡೆಯಲ್ಲ ಅಂದ್ರೆ, ತೀರಿಹೋದವರ ಸಹಿ ಮೂವತ್ತೆಂಟು ಕಡೆ ಹೇಗೆ ಸಾರ್ ನಡೀತಿದೆ?”

ಅವರು ನನ್ನ ಕೈಯಿಂದ ಮುದ್ರೆ ಕಿತ್ತುಕೊಳ್ಳಬಹುದಿತ್ತು. ಆದರೆ ಬಾಗಿಲಲ್ಲಿ ಅವಳ ಗಂಡ ನಿಂತಿದ್ದ. ಅವಳ ಊಟದ ಡಬ್ಬಿ, ಚಪ್ಪಲಿ, ಆ ಕಬ್ಬಿಣದ ಹಲಗೆ ಒಯ್ಯಲು ಬಂದವನು. ತಗಡು ಬಡಿದ ತೋಳುಗಳನ್ನು ಕಟ್ಟಿಕೊಂಡು ನಿಂತಿದ್ದ. ಮ್ಯಾನೇಜರು ಅವನ ಪಕ್ಕದಿಂದ ನುಸುಳಿಕೊಂಡು ಹೋದರು.

ರಿಪೇರಿಯವನು ತಂದ ಕಟ್ಟನ್ನು ಬಿಚ್ಚಿ ಒಂದೊಂದಕ್ಕೂ ‘ರದ್ದು’ ಒತ್ತಿದೆ. ಅದು ಬೀಳಬೇಕಾದ್ದು ಸಹಿಯ ಮೇಲೆಯೇ. ಮೂವತ್ತೆಂಟು ಸಲ ಅವಳ ಹೆಸರು, ಅಕ್ಷರ ಅಕ್ಷರ ಬಿಡಿಸಿದ್ದು, ಕೆಂಪು ಶಾಯಿಯ ಕೆಳಗೆ ಹೋಯಿತು. ಹತ್ತನೆಯದರ ಹೊತ್ತಿಗೆ ನನ್ನ ಕೈ ನಿಂತಿತು.

“ಒತ್ತಮ್ಮಾ,” ಎಂದ ಗಂಡ. “ಅವಳು ಕೇಳಿದ್ದು ಇದನ್ನೇ. ನಾನು ಹಾಳೆ ಹಿಡ್ಕೋತೀನಿ.”

ಅವನು ಹಾಳೆ ಹಿಡಿದ. ನಾನು ಒತ್ತಿದೆ. ಮುಗಿದಾಗ ರಿಪೇರಿಯವನು ಅವಳ ಕಾಗದವನ್ನೂ ಆ ಕಟ್ಟನ್ನೂ ಅಂಗಿಯೊಳಗಿಟ್ಟುಕೊಂಡು ಹೋದ.

ನನಗೀಗ ಕಂಪನಿಯಿಂದ ನೋಟೀಸು ಬಂದಿದೆ. ನಿಮ್ಮ ಮೇಲೆ ಕ್ರಮ ಏಕೆ ಜರುಗಿಸಬಾರದು ಎಂದು ಕೇಳಿದ್ದಾರೆ. ಜರುಗಿಸಲಿ. ಪರೀಕ್ಷೆಯ ಹೊಸ ವಿಧಾನವೊಂದನ್ನು ಮ್ಯಾನೇಜರು ತಮ್ಮ ಹೆಸರಿನಲ್ಲೇ ಹೊರಡಿಸಿದ್ದಾರೆ ಎಂದೂ ಕೇಳಿದೆ. ಡಬ್ಬಿಗಳನ್ನು ಅಲುಗಿಸಿ ಅಳೆಯಬೇಕಂತೆ. ನಾಚಿಕೆಯಿಲ್ಲದವರು. ಆದರೂ ಅಳೆಯಲಿ.

ಮೊನ್ನೆ ಬೆಳಿಗ್ಗೆ ರಿಪೇರಿಯವನು ಫೋನ್ ಮಾಡಿದ. ನದಿಯ ಮೇಲೆ ಈ ವರ್ಷದ ಮೊದಲ ಮಂಜು. ನಾಲ್ಕು ಕಾಲಿನ ಡಬ್ಬಿಗಳು ಬರುವವರೆಗೆ ಮಂಜಿನಲ್ಲಿ ಹದಿನೇಳು ಕಡೆಯೂ ದೋಣಿ ಬಂದ್ ಎಂದು ಅವರ ಕಚೇರಿ ಬರೆದು ಹಾಕಿತ್ತು. ಅವನ ಹಿಂದೆ ದೊಡ್ಡ ಗಲಾಟೆ ಕೇಳುತ್ತಿತ್ತು. ಹೆಂಗಸರ ದನಿ, ಗಂಡಸರ ದನಿ, ಯಾರೋ ತಗಡಿನ ಡಬ್ಬ ಬಡಿಯುವ ಸದ್ದು.

“ಏ, ಯಾವನಪ್ಪಾ ಬಾಗ್ಲು ಹಾಕಿದ್ದು? ನಮಗೆ ಕೆಲಸ ಇಲ್ವಾ? ನಿಮ್ಮಪ್ಪನ ಮನೆ ನೀರಾ ಇದು?”

“ಬೆಳಿಗ್ಗೆಯಿಂದ ಬೈತಾನೇ ಇದ್ದಾರೆ ಅಕ್ಕ,” ಎಂದ ಅವನು. “ನನ್ನ ಅಂಗಿ ಹರಿಯೋದೊಂದು ಬಾಕಿ.”

“ಎಲ್ಲಿದ್ದಾರೆ?”

“ಎಲ್ಲಿ ಅಂದ್ರೆ? ದಡದಲ್ಲೇ.”

“ಎಲ್ಲರೂನಾ?”

“ಎಲ್ಲರೂ. ಒಂದು ದೋಣೀನೂ ನೀರಿಗಿಳಿದಿಲ್ಲ.”

ಫೋನನ್ನು ಸ್ವಲ್ಪ ಅವರ ಕಡೆ ಹಿಡಿಯಪ್ಪಾ ಎಂದೆ. ಅವನು ಹಿಡಿದ. ಅವರು ಬೈಯುವುದನ್ನು ನಾನು ನಿಂತು ಕೇಳಿಸಿಕೊಂಡೆ.